ಹೊಸ್ತಿಲ ಮೇಲೊಂದು ಇಲಿ: ಬೆಕ್ಕು ತರೋ ಉಡುಗೊರೆಗೆ ಮಂಡ್ಯ ಸೀಮೆಯ ಚರಿತ್ರೆ

ತಿಂಡಿ ತಿಂತಾ ಕೇಳ್ತಿದ್ದೀರಾ ಅಂದ್ರೆ ಇಲ್ಲೇ ನಿಲ್ಲಿಸಿ, ತಿಂದು ಮುಗಿಸಿ ಬನ್ನಿ. ಯಾಕಂದ್ರೆ ಇವತ್ತಿನ ಕಥೆ ಶುರುವಾಗೋದು ಒಂದು ಸತ್ತ ಇಲಿಯಿಂದ. ಪೂರ್ತಿ ಇಲಿಯೂ ಅಲ್ಲ, ಮುಕ್ಕಾಲು ಇಲಿ.

ಮಳವಳ್ಳಿ ಹತ್ತಿರದ ನಮ್ಮಜ್ಜಿ ಮನೆ. ಬೆಳಗಿನ ಜಾವ ಐದೂವರೆ. ಚಾರ್ಜಿಗೆ ಹಾಕಿದ್ದ ಫೋನ್ ತಗೊಳ್ಳೋಣ ಅಂತ ಚಾಪೆ ಪಕ್ಕ ಕೈ ಆಡಿಸಿದರೆ ಮೆತ್ತಗೆ, ತಣ್ಣಗೆ ಏನೋ ಸಿಕ್ಕಿತು. ನಾನು ಕೂಗಿದ ರಭಸಕ್ಕೆ ಕೊಟ್ಟಿಗೆಯಲ್ಲಿದ್ದ ಎಮ್ಮೆ ಎದ್ದು ನಿಂತಿತಂತೆ. ಬೆಕ್ಕು ಮಾತ್ರ ಎರಡಡಿ ದೂರದಲ್ಲಿ ಕೂತು, ಪರೀಕ್ಷೆ ಪೇಪರ್ ಕೊಟ್ಟ ಮೇಷ್ಟ್ರ ಥರ ನನ್ನನ್ನೇ ನೋಡ್ತಿತ್ತು. ಅಜ್ಜಿ ಬಂದು ನೋಡಿ ನಕ್ಕಳು. "ಅದ್ಯಾಕವ್ವ ಹಂಗ್ ಕಿರುಚ್ತೀಯಾ? ನಿಂಗೂ ಒಂದ್ಪಾಲು ಮಡಗೈತೆ, ಅಷ್ಟೆಯ. ಬಯ್ಬ್ಯಾಡ. ಬಯ್ದ್ರೆ ಆಮ್ಯಾಕೆ ಇಲಿ ಹಿಡಿಯಾಕಿಲ್ಲ." ಹಾಗಂದವಳೇ ತೆಂಗಿನ ಮಟ್ಟೆ ಚೂರಲ್ಲಿ ಇಲಿಯನ್ನು ಎತ್ತಿ ತಿಪ್ಪೆಗೆ ಎಸೆದು, ಬೆಕ್ಕಿನ ತಟ್ಟೆಗೆ ಒಂದಿಷ್ಟು ಹಾಲು ಹಾಕಿದಳು.

ಬೆಕ್ಕು ಯಾಕೆ ಹೀಗೆ ಬೇಟೆ ತಂದು ನಮ್ಮ ಮುಂದೆ ಇಡುತ್ತೆ? ರೀಲ್ಸ್‌ನಲ್ಲಿ ಇದಕ್ಕೆ ರೆಡಿ ಉತ್ತರ ಇದೆ: "ನಿಮಗೆ ಬೇಟೆ ಬರಲ್ಲ ಅಂತ ಬೆಕ್ಕಿಗೆ ಕನಿಕರ." ಅದಕ್ಕೆ ಆಮೇಲೆ ಬರೋಣ. ನನಗೆ ಕುತೂಹಲ ಇದ್ದದ್ದು ಅಜ್ಜಿಯ ಲೆಕ್ಕದಲ್ಲಿ. ಇಲಿಗೆ ಹಾಲು. ಇದು ಯಾವ ಕಾಲದ ಒಪ್ಪಂದ?

ನಮ್ಮ ಜಿಲ್ಲೆಯಲ್ಲೇ ಈ ಒಪ್ಪಂದಕ್ಕೆ ಗುಡಿ ಕಟ್ಟಿದ ಊರೊಂದಿದೆ. ಮದ್ದೂರು ತಾಲ್ಲೂಕಿನ ಬೆಕ್ಕಳಲೆ. ಹೆಸರಲ್ಲೇ ಬೆಕ್ಕಿದೆ ನೋಡಿ. ನಾಡಿನ ಉಳಿದ ಕಡೆ ಬೆಕ್ಕು ಅಡ್ಡ ಬಂದರೆ ಬೈಕ್ ನಿಲ್ಲಿಸಿ ಇನ್ನೊಬ್ಬರು ಮುಂದೆ ಹೋಗಲಿ ಅಂತ ಕಾಯ್ತೀವಿ. ಬೆಕ್ಕಳಲೆಯಲ್ಲಿ ಬೆಕ್ಕು ಅಂದ್ರೆ ಮಂಗಮ್ಮ ತಾಯಿ. ಹಿಂದೆ ಊರಿಗೆ ಕೇಡು ಬಂದಾಗ ಮಂಗಮ್ಮ ಬೆಕ್ಕಿನ ರೂಪದಲ್ಲಿ ಊರೊಳಗೆ ಬಂದು ಕಾಪಾಡಿದಳು, ಆಮೇಲೆ ಮಾಯವಾದಳು, ಅವಳು ಮಾಯವಾದ ಜಾಗದಲ್ಲಿ ಹುತ್ತ ಬೆಳೀತು ಅನ್ನೋದು ಊರಿನವರ ಕಥೆ. ಅಲ್ಲಿ ಬೆಕ್ಕಿಗೆ ಯಾರೂ ಕೈ ಎತ್ತೋ ಹಾಗಿಲ್ಲ. ಸತ್ತ ಬೆಕ್ಕು ಕಣ್ಣಿಗೆ ಬಿದ್ದರೆ ಹಾಗೇ ಬಿಟ್ಟು ಹೋಗೋ ಹಾಗಿಲ್ಲ, ಶಾಸ್ತ್ರ ಮಾಡಿ ಮಣ್ಣು ಮಾಡ್ತಾರೆ.

ಕೇಡು ಅಂದ್ರೆ ಏನು ಅಂತ ಕಥೆ ಬಿಡಿಸಿ ಹೇಳಲ್ಲ. ದುಷ್ಟಶಕ್ತಿ ಅಂತ ಅಷ್ಟೇ. ನಾನು ನನ್ನ ಊಹೆ ಹೇಳ್ತೀನಿ, ದೈವಭಕ್ತರು ಬೇಜಾರಾಗಬೇಡಿ: ರಾಗಿ ಬೆಳೆಯೋ ಊರಿಗೆ ಇಲಿಗಿಂತ ದೊಡ್ಡ ಕೇಡು ಯಾವುದು?

ಇವತ್ತು ಮಂಡ್ಯ ಅಂದ ತಕ್ಷಣ ಕಬ್ಬು, ಭತ್ತ, ಆಲೆಮನೆ ನೆನಪಾಗುತ್ತೆ. ಆದರೆ ಆ ಹಸಿರು ಬಂದು ಇನ್ನೂ ನೂರು ವರ್ಷ ಆಗಿಲ್ಲ. ಕನ್ನಂಬಾಡಿ ಕಟ್ಟೆ ಶುರುವಾಗಿದ್ದು 1911ರಲ್ಲಿ. ಇರ್ವಿನ್ ನಾಲೆ, ಅಂದ್ರೆ ಇವತ್ತಿನ ವಿಶ್ವೇಶ್ವರಯ್ಯ ನಾಲೆ, ಈ ಕಡೆ ನೀರು ತಂದಿದ್ದು 1930ರ ದಶಕದಲ್ಲಿ. ಸಕ್ಕರೆ ಕಾರ್ಖಾನೆ ಬಂದಿದ್ದು 1933ರಲ್ಲಿ. ಮಂಡ್ಯ ಜಿಲ್ಲೆ ಆಗಿದ್ದೇ 1939ರಲ್ಲಿ. ಅದಕ್ಕಿಂತ ಮುಂಚೆ ಇಲ್ಲಿನ ಬಹುಪಾಲು ಹೊಲ ಮಳೆ ನಂಬಿದ ರಾಗಿ ಹೊಲ. ಮಳೆ ಕೈಕೊಟ್ಟರೆ ಹಿಂದಿನ ವರ್ಷದ ರಾಗಿಯೇ ಜೀವ. ಆ ರಾಗಿಯನ್ನ ಇಡ್ತಿದ್ದಿದ್ದು ಹಗೇವಿನಲ್ಲಿ. ಹಗೇವು ಗೊತ್ತಿಲ್ಲದವರಿಗೆ: ನೆಲದೊಳಗೆ ತೋಡಿದ ಹೂಜಿಯಾಕಾರದ ಗುಂಡಿ. ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು. ರಾಗಿ ತುಂಬಿ, ಹುಲ್ಲು ಹಾಸಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಕೆಡಲ್ಲ. 1800ರಲ್ಲಿ, ಟಿಪ್ಪು ಸತ್ತ ಮರುವರ್ಷ, ಕಂಪನಿ ಸರ್ಕಾರದ ಪರವಾಗಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಅನ್ನೋ ಡಾಕ್ಟರ್ ಕೂಡ ಈ ಹಗೇವಿನ ಬಗ್ಗೆ ಬರೆದಿಟ್ಟಿದ್ದಾನೆ.

ಹಗೇವು ಇಲಿಗೆ ಕಷ್ಟ. ಆದರೆ ದಿನದ ಊಟಕ್ಕೆ ಅಂತ ಮೇಲೆ ತೆಗೆದ ರಾಗಿ, ಗುಡಾಣದ ಅವರೆಕಾಳು, ಅಟ್ಟದ ಮೇಲಿನ ಹುರುಳಿ, ಬಿತ್ತನೆಗೆ ಎತ್ತಿಟ್ಟ ಬೀಜ, ಇವೆಲ್ಲ ಇಲಿಯ ಸಂತೆ. ಬಿತ್ತನೆ ಬೀಜ ಇಲಿ ತಿಂದ್ರೆ ಮುಂದಿನ ವರ್ಷವೇ ಹೋಯ್ತು. ಅಲ್ಲಿಗೆ ಬೇಕಾಗಿದ್ದು ರಾತ್ರಿಪಾಳಿ ಮಾಡೋ ಒಬ್ಬ ಕಾವಲುಗಾರ. ಸಂಬಳ ಒಂದು ಗುಟುಕು ಹಾಲು.

ಇದು ಮಂಡ್ಯದ ಕಥೆ ಮಾತ್ರ ಅಲ್ಲ, ಬೆಕ್ಕು ಮನೆ ಸೇರಿದ್ದೇ ಹೀಗೆ. ಪಶ್ಚಿಮ ಏಷ್ಯಾದಲ್ಲಿ ಜನ ಸುಮಾರು ಹತ್ತು ಸಾವಿರ ವರ್ಷದ ಹಿಂದೆ ಧಾನ್ಯ ಬೆಳೆದು ಕೂಡಿಡೋಕೆ ಶುರು ಮಾಡಿದರು. ಕಾಳಿನ ಹಿಂದೆ ಇಲಿ ಬಂತು, ಇಲಿಯ ಹಿಂದೆ ಕಾಡುಬೆಕ್ಕು ಬಂತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಳೆಯ ಒಂದು ಸಮಾಧಿ ಸಿಕ್ಕಿದೆ, 2004ರಲ್ಲಿ ಅದರ ವಿವರ ಪ್ರಕಟ ಆಯ್ತು. ಮನುಷ್ಯನ ಪಕ್ಕದಲ್ಲೇ, ಒಂದು ಮೊಳದಷ್ಟು ದೂರದಲ್ಲಿ, ಒಂದು ಬೆಕ್ಕನ್ನೂ ಹೂತಿದ್ದಾರೆ. ಆ ದ್ವೀಪದಲ್ಲಿ ಬೆಕ್ಕು ಹುಟ್ಟಿನಿಂದ ಇದ್ದ ಪ್ರಾಣಿ ಅಲ್ಲ. ಅಂದ್ರೆ ಯಾರೋ ದೋಣಿಯಲ್ಲಿ ಹಾಕ್ಕೊಂಡು ಬಂದಿದ್ದಾರೆ. ಈಜಿಪ್ಟ್ ಕಥೆ ನಿಮಗೆಲ್ಲ ಗೊತ್ತಿರೋದೇ, ಬಿಡಿ.

ಈಗ ನಾನು ನಿಜವಾಗಿ ಹೇಳಬೇಕು ಅಂದುಕೊಂಡ ಭಾಗ. ಹೊಸ್ತಿಲ ಮೇಲೆ ಸತ್ತ ಇಲಿ ಕಂಡರೆ ಇವತ್ತು ನಾವು "ಥೂ" ಅಂತೀವಿ. ನೂರಿಪ್ಪತ್ತು ವರ್ಷದ ಹಿಂದೆ ಇದೇ ಸೀಮೆಯಲ್ಲಿ ಸತ್ತ ಇಲಿ ಕಂಡರೆ ಮನೆಯವರ ಕೈಕಾಲು ತಣ್ಣಗಾಗ್ತಿತ್ತು.

1896ರಲ್ಲಿ ಬೊಂಬಾಯಿಗೆ ಪ್ಲೇಗ್ ಬಂತು. 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಬಂತು. ಅಲ್ಲಿಂದ ಮೈಸೂರು ಸಂಸ್ಥಾನದ ಊರೂರಿಗೆ. ಬೆಂಗಳೂರು–ಮೈಸೂರು ರೈಲು ಆಗಲೇ ಓಡ್ತಿತ್ತು, ಮದ್ದೂರು, ಮಂಡ್ಯ ಎರಡೂ ಆ ದಾರಿಯಲ್ಲೇ. ರೈಲಿನಲ್ಲಿ ಮೂಟೆ ಬರುತ್ತೆ, ಮೂಟೆಯಲ್ಲಿ ಇಲಿ ಬರುತ್ತೆ, ಇಲಿಯ ಮೈಮೇಲೆ ಚಿಗಟ. ಆಗ ಹಳ್ಳಿಗಳಲ್ಲಿ ಹುಟ್ಟಿದ ಮಾತು "ಇಲಿ ಬಿತ್ತು". ಎರಡೇ ಪದ. ಮನೆಯ ಸೂರಿನಿಂದ ಒಂದು ಇಲಿ ತಾನಾಗೇ ಉರುಳಿ ಬಿದ್ದು ಸತ್ತರೆ ಮಾರಿ ಊರೊಳಗೆ ಬಂದಳು ಅಂತ ಅರ್ಥ. ಪಾತ್ರೆ ಪಡಗ, ದನಕರು ಕಟ್ಟಿಕೊಂಡು ಊರಿಗೆ ಊರೇ ಹೊರಗೆ ಹೋಗಿ ಗುಡಿಸಲು ಹಾಕಿಕೊಳ್ತಿತ್ತು. ಎಸ್.ಎಲ್. ಭೈರಪ್ಪ ಅವರ 'ಗೃಹಭಂಗ' ಓದಿದವರಿಗೆ ಆ ದಿನಗಳು ಹೇಗಿದ್ದವು ಅಂತ ನಾನು ಹೇಳಬೇಕಾಗಿಲ್ಲ. 1896ರಿಂದ ಸುಮಾರು ಕಾಲು ಶತಮಾನದಲ್ಲಿ ಇಡೀ ಭಾರತದಲ್ಲಿ ಪ್ಲೇಗಿಗೆ ಒಂದು ಕೋಟಿಯಷ್ಟು ಜನ ಹೋದರು.

ಈಗ ಯೋಚನೆ ಮಾಡಿ. ಅಂಥ ದಿನಗಳಲ್ಲಿ ಬೆಳಿಗ್ಗೆ ಬಾಗಿಲು ತೆಗೆದರೆ ಹೊಸ್ತಿಲ ಮೇಲೆ ಸತ್ತ ಇಲಿ. ತಂದಿದ್ದು ಬೆಕ್ಕಾ, ಮಾರಿಯಾ? ಕತ್ತಿನ ಹತ್ತಿರ ಹಲ್ಲಿನ ಗುರುತಿದ್ದರೆ ಉಸಿರು ಬಿಡಬಹುದು. ಗುರುತಿಲ್ಲದಿದ್ದರೆ ಗಂಟು ಕಟ್ಟಬೇಕು. ನಾನು ಕಿರುಚಿದ್ದು ಅಸಹ್ಯಕ್ಕೆ. ಅವರು ಬಗ್ಗಿ ನೋಡಬೇಕಾಗಿದ್ದದ್ದು ಪ್ರಾಣಕ್ಕೆ. ಅದರಲ್ಲೂ ಒಂದು ಮೋಸ ಇತ್ತು. ಕಾಯಿಲೆ ಬಿದ್ದು ತೂರಾಡೋ ಇಲಿಯೇ ಬೆಕ್ಕಿಗೆ ಸುಲಭವಾಗಿ ಸಿಗೋದು, ಹಾಗಾಗಿ ಹಲ್ಲಿನ ಗುರುತು ಇದ್ದ ಮಾತ್ರಕ್ಕೆ ಪಾರಾದೆವು ಅಂತಲೂ ಇರಲಿಲ್ಲ. 1898ರಲ್ಲೇ ಕರಾಚಿಯಲ್ಲಿ ಪೌಲ್ ಲೂಯಿ ಸಿಮಂಡ್ ಅನ್ನೋ ಫ್ರೆಂಚ್ ವೈದ್ಯ ರೋಗವನ್ನ ದಾಟಿಸೋದು ಇಲಿಯ ಚಿಗಟ ಅಂತ ತೋರಿಸಿದ್ದ. ಇಲಿಯ ಮೈ ತಣ್ಣಗಾದ ಮೇಲೆ ಚಿಗಟ ಹೊಸ ಬಿಸಿ ಮೈ ಹುಡುಕುತ್ತೆ. ಬಹಳ ಜನ ಅವನ ಮಾತನ್ನ ಆಗ ನಂಬಲಿಲ್ಲ.

ಇಲ್ಲಿ ಇನ್ನೊಬ್ಬ ಬುಕಾನನ್ ಬರ್ತಾನೆ. ಆಂಡ್ರ್ಯೂ ಬುಕಾನನ್, ಇವನೂ ಡಾಕ್ಟರೇ, ಅಮರಾವತಿಯಲ್ಲಿ ಸಿವಿಲ್ ಸರ್ಜನ್. ಹಳ್ಳಿಗಳಲ್ಲಿ ಬೆಕ್ಕಿನ ತಲೆ ಎಣಿಸಿದ. ಬೆಕ್ಕು ಜಾಸ್ತಿ ಇದ್ದ ಕಡೆ ಪ್ಲೇಗ್ ಕಡಿಮೆ ಅಂತ ವಾದಿಸಿ 1908ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದ. ನನಗೆ ಆ ಮನುಷ್ಯನ ಮೇಲೆ ಪ್ರೀತಿ ಇದೆ, ಆದರೆ ಅವನ ಲೆಕ್ಕ ಪೂರ್ತಿ ಒಪ್ಪಕ್ಕಾಗಲ್ಲ. ಬೆಕ್ಕು ಇಲಿ ಕಡಿಮೆ ಮಾಡುತ್ತೆ, ಸರಿ. ಆದರೆ ರೋಗದ ಇಲಿ ತಿಂದ ಬೆಕ್ಕಿಗೂ ಪ್ಲೇಗ್ ತಗಲುತ್ತೆ, ಅದರಿಂದ ಮನುಷ್ಯರಿಗೂ ತಗಲಬಹುದು ಅನ್ನೋದು ಈಗ ಖಚಿತವಾಗಿ ಗೊತ್ತು. ಕಾಪಾಡೋ ಮಂಗಮ್ಮನೇ ಮಾರಿಯನ್ನ ಬಾಯಲ್ಲಿ ಕಚ್ಚಿಕೊಂಡು ಒಳಗೆ ಬರಬಹುದಿತ್ತು.

ಸರಿ, ಬೆಕ್ಕಿನ ಕಡೆಯಿಂದ ನೋಡೋಣ. ಅದು ತಿನ್ನದೇ ಯಾಕೆ ತರುತ್ತೆ?

ಜರ್ಮನಿಯ ಪೌಲ್ ಲೈಹೌಸೆನ್ ಅನ್ನೋ ವಿಜ್ಞಾನಿ ಜೀವಮಾನವಿಡೀ ಬೆಕ್ಕುಗಳನ್ನ ನೋಡ್ತಾ ಕೂತವರು. ತಾಯಿ ಬೆಕ್ಕು ಮರಿಗಳಿಗೆ ಮೊದಲು ಸತ್ತ ಇಲಿ ತರುತ್ತೆ. ಆಮೇಲೆ ಜೀವ ಇರೋದನ್ನೇ ತಂದು ಮುಂದೆ ಬಿಡುತ್ತೆ: ಹಿಡಿ ನೋಡೋಣ ಅಂತ. ತರುವಾಗ ಒಂದು ವಿಶೇಷವಾದ ಕೂಗು ಹಾಕುತ್ತೆ. ಚಿಕ್ಕ ಇಲಿಗೊಂದು ಕೂಗು, ದೊಡ್ಡ ಹೆಗ್ಗಣದಂಥದ್ದಕ್ಕೆ ಇನ್ನೊಂದು ಕೂಗು ಅಂತ ಲೈಹೌಸೆನ್ ಗುರುತಿಸಿದರು. ಎರಡನೇ ಕೂಗಿಗೆ ಮರಿಗಳು ಹುಷಾರಾಗಿ ಹತ್ತಿರ ಬರ್ತವೆ. ನಡುರಾತ್ರಿ ನಿಮ್ಮ ಬೆಕ್ಕು ಬಾಯಲ್ಲಿ ಏನೋ ತುಂಬಿಕೊಂಡು ಗಂಟಲೊಳಗೇ ವಿಚಿತ್ರವಾಗಿ ಕೂಗೋದನ್ನ ಕೇಳಿದ್ದೀರಲ್ಲ, ಅದೇ.

ಇದರ ಮೇಲೇ 1986ರಲ್ಲಿ ಡೆಸ್ಮಂಡ್ ಮಾರಿಸ್ ಬೆಕ್ಕಿನ ಬಗ್ಗೆ ಬರೆದ ಪುಸ್ತಕದಲ್ಲಿ ಬೆಕ್ಕು ನಮ್ಮನ್ನ ಬೇಟೆ ಬಾರದ ಮರಿಗಳು ಅಂದುಕೊಳ್ಳುತ್ತೆ ಅಂತ ಹೇಳಿದರು. ರೀಲ್ಸ್‌ನ ಕನಿಕರದ ಕಥೆ ಅಲ್ಲಿಂದ ಬಂದಿದ್ದು. ಮುದ್ದಾಗಿದೆ. ಆದರೆ ಮರಿಯನ್ನೇ ಸಾಕದ ಗಂಡು ಬೆಕ್ಕೂ ತರುತ್ತಲ್ಲ? ಅದಕ್ಕೆ ಇನ್ನೊಂದು ಸಾದಾ ಉತ್ತರ ಇದೆ. ಬೇಟೆಯನ್ನ ಬಯಲಲ್ಲಿ ತಿಂದ್ರೆ ನಾಯಿ ಕಿತ್ಕೊಳ್ಳುತ್ತೆ, ಇನ್ನೊಂದು ಬೆಕ್ಕು ಜಗಳಕ್ಕೆ ಬರುತ್ತೆ. ಹಾಗಾಗಿ ನಿಶ್ಚಿಂತೆಯ ಜಾಗಕ್ಕೆ ತರುತ್ತೆ. ಬಂದು ನೋಡಿದರೆ ತಟ್ಟೆಯಲ್ಲಿ ಹಾಲನ್ನ ಇದೆ, ಇಲಿ ಅಲ್ಲೇ ಬಿತ್ತು. ಹಸಿವು ಬೇರೆ, ಬೇಟೆ ಬೇರೆ. 1976ರ ಒಂದು ಪ್ರಯೋಗದಲ್ಲಿ ಇಷ್ಟದ ಊಟ ಮಾಡ್ತಿದ್ದ ಬೆಕ್ಕುಗಳ ಮುಂದೆ ಇಲಿ ಬಿಟ್ಟರು. ಊಟ ಅರ್ಧಕ್ಕೇ ಬಿಟ್ಟು ಹೋಗಿ ಇಲಿ ಕೊಂದು, ಮತ್ತೆ ಬಂದು ಊಟ ಮುಂದುವರಿಸಿದವು.

ನನಗೆ ಈ ಎರಡನೇ ಉತ್ತರವೇ ಹೆಚ್ಚು ಒಪ್ಪಿಗೆ. ಅಜ್ಜಿ ಹೇಳಿದ "ಒಂದ್ಪಾಲು" ಅದಕ್ಕೆ ವಿರೋಧವೂ ಅಲ್ಲ. ಬೆಕ್ಕಿಗೆ ನಿಮ್ಮ ಚಾಪೆ ಪಕ್ಕ ಊರಲ್ಲೇ ಭದ್ರವಾದ ಜಾಗ ಅನ್ನಿಸಿದೆ ಅಂದ್ರೆ ಅದೇನು ಚಿಕ್ಕ ಮಾತಾ?

ಇನ್ನೊಂದು ವಿಷಯ. ನಾವು ನೋಡೋ ಇಲಿ ಪೂರ್ತಿ ಲೆಕ್ಕ ಅಲ್ಲ. ಅಮೆರಿಕದ ಜಾರ್ಜಿಯಾದಲ್ಲಿ ಸಾಕುಬೆಕ್ಕುಗಳ ಕತ್ತಿಗೆ ಸಣ್ಣ ಕ್ಯಾಮೆರಾ ಕಟ್ಟಿ ನೋಡಿದರು, 2013ರಲ್ಲಿ ಫಲಿತಾಂಶ ಪ್ರಕಟ ಆಯ್ತು. ಹಿಡಿದ ಬೇಟೆಯಲ್ಲಿ ಮನೆಗೆ ತಂದಿದ್ದು ಶೇ. 23 ಮಾತ್ರ. ಶೇ. 28 ತಿಂದವು. ಉಳಿದ ಅರ್ಧದಷ್ಟನ್ನ ಕೊಂದ ಜಾಗದಲ್ಲೇ ಬಿಟ್ಟು ಬಂದವು.

ಈ ಲೆಕ್ಕ ಓದಿದಾಗ ನನಗೆ ನೆನಪಾಗಿದ್ದು ಕೊಕ್ಕರೆ ಬೆಳ್ಳೂರು. ಅದೂ ಮದ್ದೂರು ತಾಲ್ಲೂಕೇ, ಶಿಂಷಾ ನದಿ ಹತ್ತಿರ. ಒಂದೇ ತಾಲ್ಲೂಕಿನಲ್ಲಿ ಬೆಕ್ಕನ್ನ ತಾಯಿ ಅನ್ನೋ ಊರು, ಹಕ್ಕಿಯನ್ನ ಮಗಳು ಅನ್ನೋ ಊರು! ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಇಲ್ಲಿ ಮನೆಗಳ ನಡುವಿನ ಹುಣಸೆ ಮರಗಳ ಮೇಲೇ ಗೂಡು ಕಟ್ಟುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತ ಊರಿನವರು ಸಾಕುತ್ತಾರೆ. 2007ರಲ್ಲಿ ಸರ್ಕಾರ ಅದನ್ನ ಸಮುದಾಯ ಮೀಸಲು ಪ್ರದೇಶ ಅಂತ ಘೋಷಿಸಿತು. ಗೂಡಿನಿಂದ ಮರಿ ಕೆಳಗೆ ಬಿದ್ದರೆ ಊರಿನ ಹುಡುಗರು ಎತ್ತಿ, ಮೀನು ತಿನ್ನಿಸಿ ಬೆಳೆಸಿದ ಇತಿಹಾಸ ಇದೆ. ನೆಲಕ್ಕೆ ಬಿದ್ದ ಮರಿಗೆ ನಾಯಿ, ಬೆಕ್ಕು ಎಲ್ಲವೂ ಯಮನೇ. ಇಲಿ ತಂದಾಗ ಹಾಲು ಕೊಟ್ಟ ಕೈ ಹಕ್ಕಿ ಮರಿ ತಂದಾಗ ಏನು ಮಾಡಬೇಕು? ಬೆಕ್ಕಿಗೆ ವ್ಯತ್ಯಾಸ ಗೊತ್ತಾಗಲ್ಲ, ಪಾಪ. ಅದಕ್ಕೆ ಎರಡೂ ಪಾಲೇ.

ಬಯ್ಯೋದರಿಂದ ಏನೂ ಆಗಲ್ಲ, ಅಜ್ಜಿ ಹೇಳಿದ್ದು ಸರಿ. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಯೋಗ ಮಾಡಿ ತೋರಿಸಿದ್ದು: ಮಾಂಸ ಜಾಸ್ತಿ ಇರೋ ಊಟ ಹಾಕಿದರೆ ಮನೆಗೆ ತರೋ ಬೇಟೆ ಶೇ. 36 ಕಡಿಮೆ. ದಿನಕ್ಕೆ ಐದು-ಹತ್ತು ನಿಮಿಷ ದಾರಕ್ಕೆ ಗರಿ ಕಟ್ಟಿ ಬೇಟೆಯಾಟ ಆಡಿಸಿದರೆ ಶೇ. 25 ಕಡಿಮೆ. ಕತ್ತಿಗೆ ಗಂಟೆ ಕಟ್ಟೋದರಿಂದ ಹೇಳಿಕೊಳ್ಳುವಂಥ ಉಪಯೋಗ ಕಾಣಲಿಲ್ಲ. ಬೆಕ್ಕಿಗೆ ಗಂಟೆ ಕಟ್ಟೋರು ಯಾರು ಅಂತ ಇಲಿಗಳು ಅಷ್ಟು ಕಾಲ ತಲೆ ಕೆಡಿಸಿಕೊಂಡಿದ್ದು ದಂಡ.

ಹೊಸ್ತಿಲ ಮೇಲಿನ ಇಲಿ ಈಗ ಹೇಳೋ ಸುದ್ದಿಯೇ ಬೇರೆ. ನಾಲೆ ನೀರು ಬಂದು ಭತ್ತ, ಕಬ್ಬು ಬಂದ ಮೇಲೆ ಗದ್ದೆ ಬದುವಿನ ಇಲಿಗೆ ವರ್ಷವಿಡೀ ಹಬ್ಬ. ಅದಕ್ಕೆ ಪಾಷಾಣ ಇಡ್ತಾರೆ. ಪಾಷಾಣ ತಿಂದ ಇಲಿ ತಕ್ಷಣ ಸಾಯಲ್ಲ, ತೂರಾಡ್ತಾ ಓಡಾಡುತ್ತೆ, ಬೆಕ್ಕಿಗೆ ಸುಲಭವಾಗಿ ಸಿಗುತ್ತೆ. ಥೇಟ್ ಪ್ಲೇಗಿನ ಇಲಿ ಥರಾನೇ. ಅದನ್ನ ತಿಂದ ಬೆಕ್ಕಿನ ಮೈಗೂ ವಿಷ ಸೇರುತ್ತೆ. ಹಾಗಾಗಿ ನಿಮ್ಮ ಮನೆಯಲ್ಲೋ ಪಕ್ಕದ ಗದ್ದೆಯಲ್ಲೋ ಪಾಷಾಣ ಇಟ್ಟಿದ್ದರೆ, ಬೆಕ್ಕು ತಂದ ಇಲಿಯನ್ನ ಅದು ತಿನ್ನೋ ಮೊದಲು ತೆಗೆದು ಹೂತುಬಿಡಿ. ಬರಿಗೈಯಲ್ಲಿ ಮುಟ್ಟಬೇಡಿ, ಇಲಿ ಜ್ವರ ಅನ್ನೋದು ಇನ್ನೂ ಇದೆ. ಬೆಕ್ಕು ಮಂಕಾಗಿ, ಒಸಡಲ್ಲಿ, ಮೂಗಲ್ಲಿ ರಕ್ತ ಕಂಡರೆ ಕಾಯಬೇಡಿ, ಪಶು ಆಸ್ಪತ್ರೆಗೆ ಓಡಿ.

ನಮ್ಮಜ್ಜಿ ಮನೆ ಬೆಕ್ಕು ಕಳೆದ ಮಳೆಗಾಲದಲ್ಲಿ ಹಾಗೇ ಹೋಯಿತು. ಪಾಷಾಣ ಯಾರ ಗದ್ದೆಯದು ಅಂತ ಅಜ್ಜಿ ವಿಚಾರಿಸಲಿಲ್ಲ. ನುಗ್ಗೆ ಮರದ ಬುಡದಲ್ಲಿ ಗುಂಡಿ ತೋಡಿ, ಹಳೇ ಟವೆಲ್‌ನಲ್ಲಿ ಸುತ್ತಿ ಮಲಗಿಸಿ, ಮೇಲೆ ಒಂದು ಹಿಡಿ ರಾಗಿ ಹಾಕಿದಳು. ಬೆಕ್ಕಳಲೆ ಹೆಸರನ್ನೇ ಅವಳು ಕೇಳಿಲ್ಲ. "ರಾಗಿ ಯಾಕಜ್ಜಿ?" ಅಂತ ಫೋನಲ್ಲಿ ಕೇಳಿದೆ. "ಅದು ಕಾಯ್ದಿದ್ದು ಅದನ್ನೇ ಅಲ್ವಾ ಕಣವ್ವ" ಅಂದಳು.

ನಿಮ್ಮ ಊರಲ್ಲಿ ಇನ್ನೂ ಹಗೇವು ಉಳಿದಿದ್ದರೆ, ಅಥವಾ ಮನೆಯ ಹಿರಿಯರು "ಇಲಿ ಬಿದ್ದ" ಕಾಲದ ಕಥೆ ಹೇಳಿದ್ದರೆ, ಒಂದು ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.