ಇಸ್ಪೀಟಾಟದಲ್ಲಿ ಬಲವಾದ ಎಲೆಗಳ ಮೇಲಿನ ಪಣ

ತೀನ್ ಪತ್ತಿ, ಪೋಕರ್ ಮೊದಲಾದ ಪಣದ ಇಸ್ಪೀಟಾಟಗಳಲ್ಲಿ ಉತ್ತಮ ಎಲೆಗಳು ಕೈಗೆ ಬಂದಾಗ ಯಾವ ಹಂತದಲ್ಲಿ, ಎಷ್ಟು ಹಣ ಹೂಡಬೇಕು ಎಂಬ ನಿರ್ಧಾರವನ್ನು ಬಲವಾದ ಎಲೆಗಳ ಮೇಲಿನ ಪಣ ಎನ್ನಬಹುದು. ಈ ಆಟಗಳಲ್ಲಿ ಎಲೆಗಳ ಬಲವೊಂದೇ ಗಳಿಕೆಯನ್ನು ನಿರ್ಧರಿಸುವುದಿಲ್ಲ. ತನಗಿಂತ ದುರ್ಬಲ ಎಲೆಗಳನ್ನು ಹಿಡಿದವರು ಹಣ ಹಾಕಿದಾಗ ಮಾತ್ರ ಬಲವಾದ ಎಲೆಗೆ ಬೆಲೆ ಬರುತ್ತದೆ. ಎಲ್ಲರೂ ಆಟ ಬಿಟ್ಟರೆ ಅತ್ಯುತ್ತಮ ಎಲೆಯೂ ಆರಂಭದ ಅಲ್ಪ ಮೊತ್ತವನ್ನಷ್ಟೇ ಗಳಿಸುತ್ತದೆ. ಇಂತಹ ಆಟಗಳಲ್ಲಿ ಇರುವುದು ಕೌಶಲವೋ ಕೇವಲ ಅದೃಷ್ಟವೋ ಎಂಬ ಪ್ರಶ್ನೆ ಭಾರತದ ನ್ಯಾಯಾಲಯಗಳಲ್ಲಿಯೂ ಚರ್ಚೆಗೊಳಗಾಗಿದೆ.

ಹಿನ್ನೆಲೆ

ರಬಕವಿ-ಬನಹಟ್ಟಿ, ಜಮಖಂಡಿ, ಮುಧೋಳ ಮುಂತಾದ ಊರುಗಳನ್ನೊಳಗೊಂಡ ಉತ್ತರ ಕರ್ನಾಟಕದಲ್ಲಿ ಇಸ್ಪೀಟು ಪರಿಚಿತ ಆಟವಾಗಿದೆ. ಎಕ್ಕ, ರಾಜ, ರಾಣಿ, ಗುಲಾಮ ಎಂಬ ಎಲೆಗಳ ಹೆಸರುಗಳು ಆಡದವರಿಗೂ ತಿಳಿದಿವೆ. ಪಣವಿಟ್ಟು ಆಡುವ ಆಟಗಳಲ್ಲಿ ಅಂದರ್-ಬಾಹರ್ ಹಾಗೂ ತೀನ್ ಪತ್ತಿ ಪ್ರಮುಖವಾದವು. ಅಂದರ್-ಬಾಹರ್‌ನಲ್ಲಿ ಒಂದು ಎಲೆಯನ್ನು ತೆರೆದಿಟ್ಟು, ಅದೇ ಅಂಕಿಯ ಮತ್ತೊಂದು ಎಲೆ ಒಳಗೆ ಬೀಳುವುದೋ ಹೊರಗೆ ಬೀಳುವುದೋ ಎಂದು ಪಣ ಕಟ್ಟಲಾಗುತ್ತದೆ. ಆಟಗಾರನ ಕೈಯಲ್ಲಿ ಸ್ವಂತ ಎಲೆಗಳೇ ಇಲ್ಲದಿರುವುದರಿಂದ ಅಲ್ಲಿ ಈ ಲೇಖನದ ವಿಷಯವಾದ ನಿರ್ಧಾರಕ್ಕೆ ಎಡೆಯಿಲ್ಲ. ತೀನ್ ಪತ್ತಿ ಮತ್ತು ಪೋಕರ್‌ಗಳಲ್ಲಿ ಅದಕ್ಕೆ ಅವಕಾಶವಿದೆ.

ತೀನ್ ಪತ್ತಿಯಲ್ಲಿ

ತೀನ್ ಪತ್ತಿಯಲ್ಲಿ ಪ್ರತಿಯೊಬ್ಬರಿಗೂ ಮೂರು ಎಲೆಗಳನ್ನು ಹಂಚಲಾಗುತ್ತದೆ. 52 ಎಲೆಗಳ ಕಟ್ಟಿನಿಂದ ಮೂರು ಎಲೆಗಳ 22,100 ಜೋಡಣೆಗಳು ಸಾಧ್ಯ. ಬಲದ ಇಳಿಕೆಯ ಕ್ರಮದಲ್ಲಿ ಅವುಗಳ ವಿಂಗಡಣೆ ಹೀಗಿದೆ:

• ಒಂದೇ ಅಂಕಿಯ ಮೂರು ಎಲೆಗಳು – 52
• ಒಂದೇ ಬಣದ ಅನುಕ್ರಮ – 48
• ಬೇರೆ ಬೇರೆ ಬಣಗಳ ಅನುಕ್ರಮ – 720
• ಒಂದೇ ಬಣದ ಮೂರು ಎಲೆಗಳು (ಕಲರ್) – 1,096
• ಜೋಡಿ – 3,744
• ಇವಾವುವೂ ಅಲ್ಲದವು – 16,440

ಇದರಂತೆ ಸುಮಾರು ಶೇ. 74ರಷ್ಟು ಸಂದರ್ಭಗಳಲ್ಲಿ ಆಟಗಾರನಿಗೆ ಜೋಡಿ ಕೂಡ ಬರುವುದಿಲ್ಲ. ಎಕ್ಕಗಳ ಜೋಡಿ ಹಿಡಿದವನನ್ನು ಒಬ್ಬ ಎದುರಾಳಿ ಸೋಲಿಸುವ ಸಂಭವ ಸುಮಾರು ಶೇ. 9 ಮಾತ್ರ. ಆದರೆ ನಾಲ್ವರು ಎದುರಾಳಿಗಳಿದ್ದರೆ ಅವರಲ್ಲಿ ಒಬ್ಬನ ಬಳಿಯಾದರೂ ಅದಕ್ಕಿಂತ ಮೇಲಿನ ಎಲೆಗಳಿರುವ ಸಂಭವ ಸುಮಾರು ಶೇ. 30ಕ್ಕೆ ಏರುತ್ತದೆ. ಹೀಗೆ ಎಲೆಯ ಬಲವು ಎದುರಾಳಿಗಳ ಸಂಖ್ಯೆಯನ್ನು ಅವಲಂಬಿಸಿರುತ್ತದೆ.

ಎಲೆ ನೋಡದೆ ಆಡುವವನು ಬ್ಲೈಂಡ್. ನೋಡಿ ಆಡುವವನು ಅವನ ಪಣದ ಕನಿಷ್ಠ ಎರಡು ಪಟ್ಟು ಹಾಕಬೇಕು. ಬ್ಲೈಂಡ್ ಆಡುವವನ ಎಲೆಗಳು ಅವನಿಗೇ ತಿಳಿಯದ ಕಾರಣ ಅವನ ಪಣದಿಂದ ಯಾವ ಸುಳಿವೂ ದೊರೆಯುವುದಿಲ್ಲ. ನೋಡಿದವನು ಪಣ ಏರಿಸಿದರೆ ಅವನ ಬಳಿ ಸಾಧಾರಣ ಎಲೆಗಳಿರುವ ಸಾಧ್ಯತೆ ತಗ್ಗುತ್ತದೆ. ಆದ್ದರಿಂದ ಮಧ್ಯಮ ಬಲದ ಜೋಡಿಯ ಮೇಲೆ ಬ್ಲೈಂಡ್ ಎದುರಾಳಿಯ ವಿರುದ್ಧ ಪಣ ಮುಂದುವರಿಸುವುದು ಸಮಂಜಸವಾದರೂ, ನೋಡಿ ಏರಿಸುವವನ ವಿರುದ್ಧ ಅದೇ ಜೋಡಿ ಅಪಾಯಕಾರಿ.

ಈ ಆಟದಲ್ಲಿ ಹಂಚಿದ ಎಲೆಗಳು ಕೊನೆಯವರೆಗೂ ಬದಲಾಗುವುದಿಲ್ಲ. ಪಣ ಏರಿಸುವುದನ್ನು ತಡಮಾಡಿದರೆ ಎದುರಾಳಿಯ ಎಲೆ ಉತ್ತಮಗೊಳ್ಳುವ ಭಯವಿಲ್ಲ. ಆದಕಾರಣ ಅತಿ ಬಲವಾದ ಎಲೆಗಳಿದ್ದಾಗ ಆರಂಭದಲ್ಲಿಯೇ ಜಿಗಿಯದೆ ನಿಧಾನವಾಗಿ ಏರಿಸುವ ಕ್ರಮ ಹೊಂದುತ್ತದೆ.

ಪೋಕರ್‌ನಲ್ಲಿ

ಪೋಕರ್‌ನ ಪ್ರಚಲಿತ ರೂಪವಾದ ಟೆಕ್ಸಾಸ್ ಹೋಲ್ಡೆಮ್‌ನಲ್ಲಿ ಆಟಗಾರನಿಗೆ ಎರಡು ಸ್ವಂತ ಎಲೆಗಳಿರುತ್ತವೆ. ಎಲ್ಲರಿಗೂ ಸಮಾನವಾದ ಐದು ಎಲೆಗಳನ್ನು ಮೊದಲು ಮೂರು, ಅನಂತರ ಒಂದೊಂದರಂತೆ ತೆರೆಯಲಾಗುತ್ತದೆ. ಇಲ್ಲಿ ಎಲೆಗಳ ಬಲ ಹಂತಹಂತಕ್ಕೆ ಬದಲಾಗುವುದರಿಂದ ತಡಮಾಡುವುದಕ್ಕೆ ಬೆಲೆ ತೆರಬೇಕಾಗುತ್ತದೆ.

ಮೊದಲನೆಯದಾಗಿ, ಎದುರಾಳಿಗೆ ಉಚಿತ ಎಲೆ ದೊರೆಯುತ್ತದೆ. ಮೂರು ಸಮಾನ ಎಲೆಗಳು ತೆರೆದಾಗ ಒಂದೇ ಬಣದ ನಾಲ್ಕು ಎಲೆಗಳಿರುವವನಿಗೆ ಮುಂದಿನ ಎಲೆಯಲ್ಲಿ ಐದನೆಯದು ಬರುವ ಸಂಭವ 47ರಲ್ಲಿ 9, ಅಂದರೆ ಸುಮಾರು ಶೇ. 19. ನಡುವೆ 100 ರೂಪಾಯಿ ಕೂಡಿದ್ದು, ಬಲವಾದ ಎಲೆಯವನು 50 ಹೂಡಿದರೆ, ಎದುರಾಳಿ 150ರ ಆಸೆಗೆ 50 ಹಾಕಬೇಕು. ಅದು ತಕ್ಷಣಕ್ಕೆ ನಷ್ಟವಾಗದಿರಲು ಅವನಿಗೆ ಶೇ. 25ರ ಸಂಭವ ಬೇಕು. ಪಣ ಹೂಡದಿದ್ದರೆ ಅದೇ ಅವಕಾಶ ಅವನಿಗೆ ಪುಕ್ಕಟೆಯಾಗಿ ಸಿಗುತ್ತದೆ.

ಎರಡನೆಯದಾಗಿ, ಮೊತ್ತ ಬೆಳೆಯುವುದಿಲ್ಲ. 100 ರೂಪಾಯಿಯಿಂದ ಆರಂಭಿಸಿ ಮೂರು ಸುತ್ತುಗಳಲ್ಲಿ ಪ್ರತಿ ಬಾರಿಯೂ ಕೂಡಿದ ಮೊತ್ತದ ಅರ್ಧವನ್ನು ಹೂಡಿ, ಒಬ್ಬ ಎದುರಾಳಿ ಅದನ್ನು ಸರಿಗಟ್ಟಿದರೆ ಮೊತ್ತ 200, 400, 800 ಆಗುತ್ತದೆ. ಎದುರಾಳಿಯಿಂದ ಬಂದದ್ದು 350. ಒಂದು ಸುತ್ತನ್ನು ಬಿಟ್ಟರೆ ಅದು 150ಕ್ಕೆ ಇಳಿಯುತ್ತದೆ.

ಬಲವನ್ನು ಮರೆಮಾಚಿ ಕಾಯುವುದೂ ಕೆಲವೊಮ್ಮೆ ಸರಿಯೆನಿಸುತ್ತದೆ. ತನ್ನ ಎಲೆಗಳು ಬಹುಮಟ್ಟಿಗೆ ಅಜೇಯವಾಗಿದ್ದು, ಎದುರಾಳಿಯ ಬಳಿ ಹಣ ಹಾಕಲು ತಕ್ಕ ಎಲೆಗಳು ಇನ್ನೂ ಇಲ್ಲದಿದ್ದಾಗ, ಅಥವಾ ಎದುರಾಳಿ ತಾನಾಗಿಯೇ ಪಣ ಏರಿಸುವ ಸ್ವಭಾವದವನಾಗಿದ್ದಾಗ ಈ ಕ್ರಮ ಅನುಕೂಲಕರ.

ಕೊನೆಯ ಪಣ

ಎಲ್ಲ ಎಲೆಗಳೂ ತೆರೆದ ಮೇಲೆ ಕೇಳಬೇಕಾದ ಪ್ರಶ್ನೆ "ನನ್ನ ಎಲೆ ಬಲವಾಗಿದೆಯೇ?" ಎಂಬುದಲ್ಲ, "ನನ್ನ ಪಣವನ್ನು ಸರಿಗಟ್ಟುವವರ ಎಲೆಗಿಂತ ಬಲವಾಗಿದೆಯೇ?" ಎಂಬುದು. ಎದುರಾಳಿ ಪಣವನ್ನು ಸರಿಗಟ್ಟಬಹುದಾದ ಹತ್ತು ಸಂದರ್ಭಗಳಲ್ಲಿ ಆರರಲ್ಲಿ ಅವನ ಎಲೆ ದುರ್ಬಲವಾಗಿದ್ದರೆ ಪಣ ಲಾಭದಾಯಕ. ನಾಲ್ಕರಲ್ಲಿ ಮಾತ್ರ ದುರ್ಬಲವಾಗಿದ್ದರೆ ಪಣ ಹೂಡದೆ ಎಲೆ ತೋರಿಸುವುದೇ ಲೇಸು. ಒಟ್ಟಾರೆ ಗೆಲ್ಲುವ ಸಂಭವ ಹೆಚ್ಚಿದ್ದರೂ ಈ ನಿಯಮ ಅನ್ವಯಿಸುತ್ತದೆ.

ಮಿತಿಗಳು

ಈ ಲೆಕ್ಕಾಚಾರಗಳು ದೀರ್ಘಕಾಲದ ಸರಾಸರಿಯನ್ನು ಹೇಳುತ್ತವೆಯೇ ಹೊರತು ಒಂದು ಆಟದ ಫಲಿತಾಂಶವನ್ನಲ್ಲ. ಸರಿಯಾದ ನಿರ್ಧಾರದಿಂದಲೂ ಸೋಲು ಬರಬಹುದು. ಒಬ್ಬನ ಗಳಿಕೆ ಮತ್ತೊಬ್ಬನ ನಷ್ಟವೇ ಆಗಿರುವುದರಿಂದ ಆಟಗಾರರ ಒಟ್ಟು ಲಾಭ ಶೂನ್ಯ. ಆಟ ನಡೆಸುವವನು ತನ್ನ ಪಾಲು ತೆಗೆದುಕೊಂಡರೆ ಒಟ್ಟಾರೆ ನಷ್ಟವೇ ಉಳಿಯುತ್ತದೆ.

ಕಾನೂನಿನ ನೆಲೆ

1967ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆಂಧ್ರಪ್ರದೇಶ ರಾಜ್ಯ ಮತ್ತು ಕೆ. ಸತ್ಯನಾರಾಯಣ ಪ್ರಕರಣದಲ್ಲಿ ರಮ್ಮಿಯನ್ನು ಮುಖ್ಯವಾಗಿ ಕೌಶಲದ ಆಟವೆಂದು ಪರಿಗಣಿಸಿ, ಮೂರೆಲೆಯ ಆಟವನ್ನು ಕೇವಲ ಅದೃಷ್ಟದ ಆಟವೆಂದು ಪ್ರತ್ಯೇಕಿಸಿತು. 1963ರ ಕರ್ನಾಟಕ ಪೊಲೀಸ್ ಕಾಯ್ದೆ ಜೂಜನ್ನು ಶಿಕ್ಷಾರ್ಹಗೊಳಿಸಿದರೂ, ಅದರ 176ನೆಯ ಕಲಮು ಕೌಶಲದ ಆಟಗಳಿಗೆ ವಿನಾಯಿತಿ ನೀಡಿತ್ತು. ಪೋಕರ್ ವಿಷಯದಲ್ಲಿ ಅಭಿಪ್ರಾಯಗಳು ಭಿನ್ನವಾಗಿವೆ: ಕೌಶಲದ ಆಟವಾಗಿ ಆಡಿದಾಗ ಅದಕ್ಕೆ ಪರವಾನಗಿ ಬೇಕಿಲ್ಲವೆಂದು 2013ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಹೇಳಿದರೆ, 2017ರಲ್ಲಿ ಗುಜರಾತ್ ಉಚ್ಚ ನ್ಯಾಯಾಲಯ ಅದನ್ನು ಜೂಜೆಂದು ಪರಿಗಣಿಸಿತು.

ಆನ್‌ಲೈನ್ ಪಣದ ಆಟಗಳನ್ನು ನಿಷೇಧಿಸಲು ಕರ್ನಾಟಕವು 2021ರಲ್ಲಿ ತಂದ ತಿದ್ದುಪಡಿಯ ಮುಖ್ಯ ಅಂಶಗಳನ್ನು ರಾಜ್ಯದ ಉಚ್ಚ ನ್ಯಾಯಾಲಯ 2022ರ ಫೆಬ್ರವರಿ 14ರಂದು ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಆಟಗಳ ಕಾಯ್ದೆಯು ಕೌಶಲ, ಅದೃಷ್ಟ ಎಂಬ ಭೇದವೆಣಿಸದೆ ಹಣ ಪಣವಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ.