ನಕಲುಹಾಳೆಯಿಂದ ಪಠ್ಯಗ್ರಂಥದವರೆಗೆ

ಶಾಲೆಯ ಮೇಲ್ತರಗತಿಗಳಲ್ಲಿ ಚಿತ್ರಕಲೆಯನ್ನು ಐಚ್ಛಿಕ ವಿಷಯವನ್ನಾಗಿ ಆರಿಸಿಕೊಂಡ ವಿದ್ಯಾರ್ಥಿಯ ಕೈಗೆ ನಮ್ಮ ದೇಶವು ಇಂದಿನವರೆಗೆ ಏನೇನನ್ನು ಕೊಟ್ಟಿತೆಂದು ವಿಚಾರಿಸಹೊರಟವನು ನಕಲುಹಾಳೆಯಿಂದಲೇ ಆರಂಭಿಸಬೇಕಾಗುತ್ತದೆ. 1850ರಲ್ಲಿ ಮದ್ರಾಸಿನಲ್ಲಿ ಅಲೆಕ್ಸಾಂಡರ್ ಹಂಟರನೂ, 1854ರಲ್ಲಿ ಕಲ್ಕತ್ತೆಯಲ್ಲಿಯೂ 1857ರಲ್ಲಿ ಮುಂಬಯಿಯಲ್ಲಿಯೂ ಇತರರೂ ಕಲಾಶಾಲೆಗಳನ್ನು ತೆರೆದಾಗ, ಮೊದಲು ಅಚ್ಚಿನ ರೇಖಾಚಿತ್ರವನ್ನು ನೋಡಿ ಬರೆಯುವುದು, ಅನಂತರ ಯವನಶಿಲ್ಪಗಳ ಗಚ್ಚಿನ ಪ್ರತಿಕೃತಿಗಳನ್ನು ಅಭ್ಯಸಿಸುವುದು, ಕಡೆಗೆ ನಿಜವಸ್ತುವಿನೆದುರು ಕೂರುವುದು ಎಂಬ ಲಂಡನ್ನಿನ ಕ್ರಮವೇ ಇಲ್ಲಿಯೂ ವಿಧಿಯಾಯಿತು. ಆ ಕ್ರಮವೇ ಡ್ರಾಯಿಂಗ್ ಗ್ರೇಡ್ ಪರೀಕ್ಷೆಗಳ ಮೂಲಕ ಶಾಲೆಗಳಿಗೆ ಇಳಿದುಬಂದಿತು. ಕೈಗೆ ಅದರಿಂದ ಸಂದ ಶಿಸ್ತು ಅಲ್ಪವೇನಲ್ಲ. ಕಣ್ಣಿಗೆ ಮಾತ್ರ ಸ್ವದೇಶವೇ ಅಪರಿಚಿತವಾಗಿ ಉಳಿಯಿತು.

1896ರಲ್ಲಿ ಕಲ್ಕತ್ತೆಯ ಶಾಲೆಗೆ ಅಧಿಪತಿಯಾಗಿ ಬಂದ ಹ್ಯಾವೆಲ್ಲನು ಆ ಪ್ರತಿಕೃತಿಗಳನ್ನು ಬದಿಗೊತ್ತಿ, ಐರೋಪ್ಯ ಚಿತ್ರಗಳ ಸ್ಥಾನದಲ್ಲಿ ಮೊಗಲರ ಕಿರುಚಿತ್ರಗಳನ್ನು ತಂದಿರಿಸಿದನು. ಇದನ್ನು ಪ್ರತಿಭಟಿಸಿ ಶಾಲೆಯನ್ನು ತೊರೆದವರು ಬಂಗಾಳದ ವಿದ್ಯಾರ್ಥಿಗಳೇ ಎಂಬುದು ನಗು ತರಿಸುವ ಸಂಗತಿಯಾದರೂ ಅಸ್ವಾಭಾವಿಕವಲ್ಲ: ಅಭ್ಯಾಸವಾದುದನ್ನೇ ವಿದ್ಯೆಯೆಂದು ತಿಳಿಯುವುದು ಮನುಷ್ಯಸಹಜ.

ಈ ಪರಿವರ್ತನೆಯಿಂದ ಹುಟ್ಟಿದ ಪುಸ್ತಕಗಳಲ್ಲಿ ನನಗೆ ಅತ್ಯಂತ ಪ್ರಿಯವಾದುದು ಭಾರತೀಯ ಅಂಗರಚನೆಯನ್ನು ಕುರಿತ ಅವನೀಂದ್ರನಾಥ ಠಾಕೂರರ ಸಣ್ಣ ಹೊತ್ತಗೆ. ಪುರುಷನ ಮುಂಡದ ಪಕ್ಕದಲ್ಲಿ ಗೋಮುಖ, ಮುಂಗೈಯ ಪಕ್ಕದಲ್ಲಿ ಎಳೆಬಾಳೆಯ ಕಾಂಡ, ಭುಜದ ಪಕ್ಕದಲ್ಲಿ ಆನೆಯ ತಲೆ ಮತ್ತು ಸೊಂಡಿಲು, ಹೀಗೆ ಶಿಲ್ಪಿಗಳ ಉಪಮಾನಗಳನ್ನು ರೇಖೆಗಳಲ್ಲಿಯೇ ಎದುರುಬದುರಾಗಿರಿಸಿ ತೋರಿಸುವ ಅದರ ಚಿತ್ರಗಳನ್ನು ಬರೆದವರು ಅವರ ಶಿಷ್ಯರಾದ ನಂದಲಾಲ ಬಸು ಮತ್ತು ನಮ್ಮ ಮೈಸೂರಿನ ಕೆ. ವೆಂಕಟಪ್ಪನವರು. ಬಾಳೆಯ ದಿಂಡನ್ನು ಬಲ್ಲ ಹಳ್ಳಿಯ ಹುಡುಗನಿಗೆ ಮುಂಗೈಯ ಸ್ನಿಗ್ಧವಾದ ಇಳಿತವು ಯಾವ ಉಪನ್ಯಾಸವೂ ಇಲ್ಲದೆ ಇಲ್ಲಿ ತಿಳಿದುಬಿಡುತ್ತದೆ. ರೂಪಭೇದ, ಪ್ರಮಾಣ, ಭಾವ, ಲಾವಣ್ಯಯೋಜನೆ, ಸಾದೃಶ್ಯ, ವರ್ಣಿಕಾಭಂಗ ಎಂಬ ಷಡಂಗವನ್ನೂ ಅವರು ವಿವರಿಸಿದರು. ಕುಂಚ ಹಿಡಿದವನಿಗಾಗಿ ಹೇಳಿದ ಆ ಆರು ಮಾತುಗಳು ಈಗ ಉತ್ತರಪತ್ರಿಕೆಯಲ್ಲಿ ಪಟ್ಟಿಮಾಡಿ ಬರೆಯುವ ಸಾಮಗ್ರಿಯಾಗಿವೆ.

ಕನ್ನಡದಲ್ಲಿ ಶಿವರಾಮ ಕಾರಂತರು 1930ರಲ್ಲಿಯೇ ‘ಭಾರತೀಯ ಚಿತ್ರಕಲೆ’ಯನ್ನು ಹೊರತಂದುದು ಸಾಹಸವೇ ಸರಿ, ಆದರೆ ಅದು ರಸಿಕನಿಗೆ ಒದಗಿದಷ್ಟು ತರಗತಿಗೆ ಒದಗುವಂಥದಲ್ಲ. ಬೆಂಗಳೂರಿನಲ್ಲಿ ಅ.ನ. ಸುಬ್ಬರಾಯರ ಕಲಾಮಂದಿರದಂತಹ ಶಾಲೆಗಳಲ್ಲಿ ಗುರುವೇ ಪುಸ್ತಕವಾಗಿದ್ದನು.

ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತು 1961ರಲ್ಲಿಯೇ ಸ್ಥಾಪಿತವಾದರೂ, ಹನ್ನೊಂದು ಮತ್ತು ಹನ್ನೆರಡನೆಯ ತರಗತಿಗಳಿಗಾಗಿ ಭಾರತೀಯ ಕಲಾಪರಿಚಯದ ಎರಡು ಭಾಗಗಳನ್ನು ಅದು ಹೊರತಂದದ್ದು ತೀರ ಈಚೆಗೆ. ಗುಹಾಚಿತ್ರಗಳಿಂದ ಹಿಡಿದು ಅಜಂತೆಯನ್ನೂ ಬಾದಾಮಿಯನ್ನೂ ಹಾದು ಆಧುನಿಕರವರೆಗೆ ಸಾಗುವ ಈ ಗ್ರಂಥಗಳು ವರ್ಣಚಿತ್ರಸಹಿತವಾಗಿ ಅಂತರ್ಜಾಲದಲ್ಲಿ ಉಚಿತವಾಗಿಯೇ ದೊರೆಯುತ್ತವೆಂಬುದು ನಕಲುಹಾಳೆಯ ಕಾಲದವರಿಗೆ ಕನಸಿನಲ್ಲಿಯೂ ನಿಲುಕದ ಭಾಗ್ಯ. ಆದರೂ ಒಂದು ವೈಚಿತ್ರ್ಯವುಂಟು. ಕೇಂದ್ರೀಯ ಪ್ರೌಢಶಿಕ್ಷಣ ಮಂಡಳಿಯ ಚಿತ್ರಕಲಾ ಪರೀಕ್ಷೆಯಲ್ಲಿ 70 ಅಂಕಗಳು ಪ್ರಾಯೋಗಿಕಕ್ಕೂ 30 ಅಂಕಗಳು ಸಿದ್ಧಾಂತಕ್ಕೂ ಮೀಸಲಾಗಿರುವಾಗ, ಗ್ರಂಥದ ವಿಸ್ತಾರವೆಲ್ಲವೂ ಆ 30 ಅಂಕಗಳನ್ನೇ ಆಶ್ರಯಿಸಿದೆ. ಹಿಂದೆ ಕೈ ಮಾತ್ರ ಕಲಿಯಿತು, ಈಗ ಗ್ರಂಥದಿಂದ ನೆನಪು ಮಾತ್ರ ಕಲಿಯುತ್ತಿದೆ.

ದಖ್ಖನೀ ಶೈಲಿಗೆ ನಿದರ್ಶನವಾಗಿ ವಿದ್ಯಾರ್ಥಿಗಳು ಓದುವ ಚಿತ್ರಗಳಲ್ಲಿ ಬಿಜಾಪುರದ ಚಾಂದಬೀಬಿಯು ಕುದುರೆಯೇರಿ ಚೌಗಾನ್, ಅಂದರೆ ಪೋಲೊ, ಆಡುತ್ತಿರುವುದೂ ಒಂದು. ಪುಟದಲ್ಲಿ ಅಂಗೈಯಷ್ಟಗಲವಿರುವ ಅದನ್ನು ನೋಡಿ ಹುಡುಗರು ಮಾಧ್ಯಮ, ಶೈಲಿ, ವಿಷಯಗಳನ್ನು ಬಾಯಿಪಾಠ ಮಾಡುತ್ತಾರೆ. ಅದೇ ಬಿಜಾಪುರಕ್ಕೆ ಪೂರ್ವದಲ್ಲಿ, ಬಹುದೂರವೇನೂ ಅಲ್ಲದ ಕುಮಟಗಿಯ ಜಲಮಂಟಪದ ಗೋಡೆಗಳ ಮೇಲೆ ಆದಿಲಶಾಹಿ ಕಾಲದ ಕಲಾವಿದರು ಬರೆದ ಚೌಗಾನ್ ಆಟಗಾರರ ಚಿತ್ರವೇ ಇದ್ದಿತು. ಈಗ ಅಲ್ಲಿನ ಚಿತ್ರಗಳು ಬಹುಮಟ್ಟಿಗೆ ಮಾಸಿವೆ, ಉಳಿದಷ್ಟನ್ನು ಸಾವಧಾನವಾಗಿ ದಿಟ್ಟಿಸಬೇಕು. ಪಠ್ಯಕ್ರಮವು ವರ್ಷದ ಕೆಲಸದ ಕಡತವೊಂದನ್ನು ಕೇಳುತ್ತದಷ್ಟೆ. ಅದರ ಹತ್ತು ಹಾಳೆಗಳನ್ನು ಈ ಗೋಡೆಗಳೆದುರು ಕುಳಿತು ತುಂಬಿಸಲು ಜಿಲ್ಲೆಯ ವಿದ್ಯಾರ್ಥಿಗಳಿಗೆ ಒಂದು ಬಸ್ಸಿನ ವ್ಯವಸ್ಥೆಯೂ, ಸ್ಥಳವನ್ನು ಬಲ್ಲ ಕನ್ನಡದ ಕೈಪಿಡಿಯೊಂದೂ ಬೇಕು.