ಕೊಳದ ಸಸ್ಯಗಳ ಪೋಷಣೆ

ಕೊಳದ ಸಸ್ಯಗಳ ಪೋಷಣೆ ಎಂದರೆ ತಾವರೆ, ನೈದಿಲೆ ಮೊದಲಾದ ಜಲಸಸ್ಯಗಳಿಗೆ ಬೇಕಾದ ಪೋಷಕಾಂಶಗಳನ್ನು, ಅದೇ ನೀರಿನಲ್ಲಿರುವ ಮೀನುಗಳಿಗೆ ಹಾನಿಯಾಗದಂತೆ ಒದಗಿಸುವ ಕ್ರಮ. ಕೊಳಕ್ಕೆ ಹಾಕಿದ ಗೊಬ್ಬರದಲ್ಲಿ ಸಸ್ಯಗಳು ಹೀರದೆ ಬಿಟ್ಟದ್ದು ಮೀನುಗಳು ಉಸಿರಾಡುವ ನೀರಿನಲ್ಲಿಯೇ ಉಳಿಯುತ್ತದೆ. ಆದ್ದರಿಂದ ಗೊಬ್ಬರವನ್ನು ನೀರಿಗೆ ಬೆರೆಸದೆ ಬೇರಿಗೆ ತಲುಪಿಸುವುದು ಈ ಕ್ರಮದ ಮೂಲತತ್ವವಾಗಿದೆ.

ಪೋಷಕಾಂಶಗಳ ಮೂಲ

ಸಸ್ಯಗಳಿಗೆ ಸಾರಜನಕ, ರಂಜಕ ಮತ್ತು ಪೊಟ್ಯಾಸಿಯಂ ಹೆಚ್ಚಿನ ಪ್ರಮಾಣದಲ್ಲಿಯೂ ಕಬ್ಬಿಣ, ಮ್ಯಾಂಗನೀಸ್ ಮುಂತಾದವು ಅತ್ಯಲ್ಪ ಪ್ರಮಾಣದಲ್ಲಿಯೂ ಬೇಕು. ಮೀನುಗಳಿರುವ ಕೊಳದಲ್ಲಿ ಇವುಗಳ ಒಂದು ಭಾಗ ತಾನಾಗಿಯೇ ಒದಗುತ್ತದೆ. ಮೀನುಗಳು ಹೊರಹಾಕುವ ಅಮೋನಿಯವನ್ನು ಬ್ಯಾಕ್ಟೀರಿಯಗಳು ಮೊದಲು ನೈಟ್ರೈಟ್ ಆಗಿಯೂ ಅನಂತರ ನೈಟ್ರೇಟ್ ಆಗಿಯೂ ಪರಿವರ್ತಿಸುತ್ತವೆ. ಅಂತರಗಂಗೆಯಂತಹ ತೇಲುವ ಸಸ್ಯಗಳು ನೀರಿನಿಂದಲೇ ಪೋಷಕಾಂಶಗಳನ್ನು ಹೀರುವುದರಿಂದ ಅವುಗಳಿಗೆ ಸಾಮಾನ್ಯವಾಗಿ ಬೇರೆ ಗೊಬ್ಬರ ಬೇಕಾಗುವುದಿಲ್ಲ. ತಾವರೆ ಮತ್ತು ನೈದಿಲೆಗಳು ಮುಖ್ಯವಾಗಿ ಕೆಸರಿನಲ್ಲಿರುವ ಬೇರುಗಳ ಮೂಲಕ ಆಹಾರ ಪಡೆಯುತ್ತವೆ.

ಗೊಬ್ಬರ ನೀಡುವ ವಿಧಾನ

ಸಸ್ಯಗಳನ್ನು ಜೇಡಿಮಣ್ಣು ತುಂಬಿದ ಕುಂಡಗಳಲ್ಲಿ ನೆಟ್ಟು, ನಿಧಾನವಾಗಿ ಕರಗುವ ಗೊಬ್ಬರದ ಗುಳಿಗೆಗಳನ್ನು ಬೇರಿನ ಸಮೀಪ ಆಳವಾಗಿ ಹುದುಗಿಸಲಾಗುತ್ತದೆ. ಗುಳಿಗೆ ಇಟ್ಟ ರಂಧ್ರವನ್ನು ಮಣ್ಣಿನಿಂದ ಮುಚ್ಚಿ, ಮೀನುಗಳು ಕೆದಕದಂತೆ ಮೇಲೆ ಜಲ್ಲಿಕಲ್ಲು ಹರಡುತ್ತಾರೆ. ಸಸ್ಯಗಳು ಚಿಗುರಿ ಹೂ ಬಿಡುವ ಕಾಲದಲ್ಲಿ ಮಾತ್ರ ಗೊಬ್ಬರ ನೀಡಿ, ಎಲೆಗಳು ಒಣಗಿ ಗಿಡ ಸುಪ್ತಾವಸ್ಥೆಗೆ ಜಾರಿದಾಗ ನಿಲ್ಲಿಸುವುದು ರೂಢಿ.

ಮೀನುಗಳಿಗಿರುವ ಅಪಾಯಗಳು

ಅಮೋನಿಯ: ಯೂರಿಯವು ನೀರಿನಲ್ಲಿ ವಿಭಜನೆಗೊಂಡು ಅಮೋನಿಯವಾಗುತ್ತದೆ. ನೀರಿನ ಕ್ಷಾರತೆ ಮತ್ತು ಉಷ್ಣತೆ ಏರಿದಂತೆ ಇದರ ವಿಷಕಾರಿ ರೂಪದ ಪಾಲು ಹೆಚ್ಚುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯದ ಶೇ. 1ಕ್ಕಿಂತ ಕಡಿಮೆ ಭಾಗ ಈ ರೂಪದಲ್ಲಿದ್ದರೆ, ಪಿಎಚ್ 8ರಲ್ಲಿ ಅದು ಸುಮಾರು ಶೇ. 5, ಪಿಎಚ್ 9ರಲ್ಲಿ ಸುಮಾರು ಶೇ. 36 ಆಗುತ್ತದೆ. ಪಾಚಿ ತುಂಬಿದ ಕೊಳದಲ್ಲಿ ಮಧ್ಯಾಹ್ನದ ವೇಳೆಗೆ ಪಿಎಚ್ ಏರುವುದರಿಂದ ಅಪಾಯವೂ ಹೆಚ್ಚುತ್ತದೆ.

ನೈಟ್ರೈಟ್: ಇದು ರಕ್ತವನ್ನು ಸೇರಿ, ಆಮ್ಲಜನಕವನ್ನು ಒಯ್ಯುವ ಅದರ ಶಕ್ತಿಯನ್ನು ಕುಂದಿಸುತ್ತದೆ.

ಆಮ್ಲಜನಕದ ಕೊರತೆ: ನೀರಿಗೆ ಸೇರಿದ ಸಾರಜನಕ ಮತ್ತು ರಂಜಕಗಳಿಂದ ಪಾಚಿ ದಟ್ಟವಾಗಿ ಬೆಳೆಯುತ್ತದೆ. ಹಗಲಿನಲ್ಲಿ ಆಮ್ಲಜನಕವನ್ನು ಬಿಡುವ ಪಾಚಿ ರಾತ್ರಿ ಅದನ್ನು ಬಳಸಿಕೊಳ್ಳುವುದರಿಂದ, ನಸುಕಿನಲ್ಲಿ ಮೀನುಗಳು ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆಯುತ್ತಿರುತ್ತವೆ. ಕೊಳೆತ ಪಾಚಿ ಈ ಕೊರತೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ.

ವಿಷವಸ್ತುಗಳು: ಹಿಪ್ಪೆ ಹಿಂಡಿಯಲ್ಲಿರುವ ಸಪೋನಿನ್ ಮೀನುಗಳಿಗೆ ಮಾರಕ, ಮೀನುಕೃಷಿಯಲ್ಲಿ ಬೇಡದ ಮೀನುಗಳನ್ನು ನಿವಾರಿಸಲು ಇದೇ ಹಿಂಡಿಯನ್ನು ಬಳಸುತ್ತಾರೆ. ಕೀಟನಾಶಕ ಬೆರೆತ ಗೊಬ್ಬರಗಳೂ ತಾಮ್ರದ ಲವಣಗಳೂ ಕೊಳಕ್ಕೆ ಸಲ್ಲವು.

ನಿಗಾ ಮತ್ತು ಪರಿಹಾರ

ಗೊಬ್ಬರ ನೀಡಿದ ಅನಂತರದ ದಿನಗಳಲ್ಲಿ ಅಮೋನಿಯ, ನೈಟ್ರೈಟ್ ಮತ್ತು ಪಿಎಚ್‌ಗಳನ್ನು ಪರೀಕ್ಷಾ ಕಿಟ್‌ನಿಂದ ಅಳೆಯಬಹುದು. ಮೀನುಗಳು ಏದುಸಿರು ಬಿಡುವಂತೆ ಕಂಡರೆ ಗೊಬ್ಬರ ಮತ್ತು ಮೀನಿನ ಆಹಾರ ಎರಡನ್ನೂ ನಿಲ್ಲಿಸಿ, ಕಾರಂಜಿ ಅಥವಾ ಏರ್ ಪಂಪ್‌ನಿಂದ ಗಾಳಿಯಾಡಿಸಿ, ನೀರಿನ ಸ್ವಲ್ಪ ಭಾಗವನ್ನು ಬದಲಿಸಬೇಕು. ನಲ್ಲಿ ನೀರಾದರೆ ಅದರ ಕ್ಲೋರಿನ್ ನಿವಾರಿಸಿರಬೇಕು. ಒಣಗಿದ ಎಲೆಗಳನ್ನು ಆಗಾಗ ತೆಗೆಯುವುದರಿಂದಲೂ ನೀರಿನಲ್ಲಿನ ಪೋಷಕಾಂಶಗಳ ಹೊರೆ ಇಳಿಯುತ್ತದೆ.

ಮೀನುಕೃಷಿಯ ಹೊಂಡಗಳಿಗಿರುವ ವ್ಯತ್ಯಾಸ

ಗೆಂಡೆಮೀನು ಸಾಕುವ ಹೊಂಡಗಳಲ್ಲಿ ಸಗಣಿ ಮತ್ತು ಸೂಪರ್ ಫಾಸ್ಫೇಟ್‌ಗಳನ್ನು ನೀರಿಗೇ ಹಾಕುವುದುಂಟು. ಅಲ್ಲಿನ ಉದ್ದೇಶ ಮೀನಿನ ಆಹಾರವಾದ ಪ್ಲವಕಗಳನ್ನು ಬೆಳೆಸುವುದು. ಅಲಂಕಾರಿಕ ಕೊಳಕ್ಕೆ ಈ ಪದ್ಧತಿ ಹೊಂದುವುದಿಲ್ಲ.